ಮೂವತ್ತಾರರಿಂದ ಭಾಗವಾಗುವ ಸಂಖ್ಯೆ

ಆ ದೊಡ್ಡ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಲೆಕ್ಕದ ಮಾವ ಎಂದೇ ಕರೆಯುತ್ತಿದ್ದರು. ರೋಗಿಯ ದೇಹದಿಂದ ತೆಗೆದ ತೆಳು ಚೂರನ್ನು ಅಂಟಿಸಿದ ಗಾಜನ್ನು ಅದರ ಚೀಟಿಗೆ ಜೋಡಿಸಿ ಡಾಕ್ಟರ ಟ್ರೇಯಲ್ಲಿಡುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಎಂಟಂಕಿಯ ನಂಬರನ್ನು ಒಂದೊಂದಾಗಿ ಓದಿ ತಾಳೆ ನೋಡಬೇಕೆಂಬುದು ನಿಯಮ. ಮಾವನಿಗೆ ಅದೆಲ್ಲ ಮಕ್ಕಳಾಟ. ಅಂಕಿಗಳನ್ನು ಕಣ್ಣಲ್ಲೇ ಕೂಡುವರು. ಗಾಜಿನ ಮೊತ್ತ, ಚೀಟಿಯ ಮೊತ್ತ ಒಂದೇ ಬಂದರೆ ಮುಗಿಯಿತು. ಅಂಕಿ ಎಂದರೆ ಪ್ರಾಣ ಬಿಡುತ್ತಿದ್ದರು, ಹಾಳಾದ ಹುಚ್ಚು!

ಹೆಂಡತಿಯ ಎದೆಯ ಗಂಟಿನಿಂದ ಚೂರು ತೆಗೆದು ಕಳಿಸಿದ ದಿನವೂ ಅಷ್ಟೇ. ಸಂಜೆ ಅಡುಗೆಮನೆಯಲ್ಲಿ ನಿಂತು ಕುಣಿದಾಡಿದರು.

“ಎಂಥಾ ನಂಬರ್ ಕಣೇ ನಿಂದು! ಏಳು ಕೋಟಿ ಮೂವತ್ತೈದು ಲಕ್ಷದ ನಲವತ್ತೆಂಟು ಸಾವಿರದ ಆರುನೂರ ಹನ್ನೆರಡು. ಒಂದರಿಂದ ಎಂಟರವರೆಗೆ ಎಲ್ಲಾ ಅಂಕಿನೂ ಒಂದೊಂದೇ ಸಲ. ಕೂಡಿದ್ರೆ ಮೂವತ್ತಾರು. ಮೂವತ್ತಾರರಿಂದ್ಲೇ ಭಾಗಿಸು, ಏನೂ ಉಳಿಯಲ್ಲ!”

“ನಾನು ಉಳೀತೀನಾ, ಅದನ್ನ ಹೇಳ್ರಿ,” ಎಂದು ಹೆಂಡತಿ ನಕ್ಕಿದ್ದಳು.

ಕ್ಯಾನ್ಸರ್ ಇಲ್ಲ ಎಂದು ರಿಪೋರ್ಟ್ ಬಂತು. ಮನೆ ನೆಮ್ಮದಿಯಾಗಿ ಉಸಿರಾಡಿತು.

ಐದು ತಿಂಗಳಲ್ಲಿ ಗಂಟು ದಪ್ಪವಾಯಿತು, ಕಂಕುಳಲ್ಲಿ ಇನ್ನೊಂದು ಎದ್ದಿತು, ಕೈ ಎತ್ತಲಾಗದಾಯಿತು. ಮಾವ ಹಳೆಯ ಚೀಟಿ, ಗಾಜು ಎರಡನ್ನೂ ಹುಡುಕಿ ತೆಗೆದು ಅಂಕಿ ಅಂಕಿಗೂ ಬೆರಳಿಟ್ಟು ಓದಿದರು. ಚೀಟಿಯಲ್ಲಿ 73548612. ಗಾಜಿನ ಮೇಲೆ 73546812.

ಅಯ್ಯೋ ದೇವರೇ! ಅದರಲ್ಲೂ ಒಂದರಿಂದ ಎಂಟು, ಅದನ್ನು ಕೂಡಿದರೂ ಮೂವತ್ತಾರು, ಅದೂ ಮೂವತ್ತಾರರಿಂದ ಚೊಕ್ಕವಾಗಿ ಭಾಗವಾಗುವಂಥದ್ದೇ. ಅಂಕಿ ಹಿಂದುಮುಂದಾದರೆ ಮೊತ್ತ ಬದಲಾಗದೆಂದು ಇವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅಂಥ ಚೆಂದದ ಸಂಖ್ಯೆ ಒಂದೇ ದಿನ ಎರಡು ಬಂದೀತೆಂದು ಮಾತ್ರ ಎಣಿಸಿರಲಿಲ್ಲ. ಎರಡು ಗಾಜನ್ನೂ ಒಂದರ ಚೀಟಿಗೆ ಇನ್ನೊಂದನ್ನು ಜೋಡಿಸಿ ಕಳಿಸಿದ್ದರು.

ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಇನ್ನೊಬ್ಬ ಹೆಂಗಸಿನ ಫೈಲಿನಲ್ಲಿದ್ದ ಗಾಜನ್ನು ಲ್ಯಾಬಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿದರು.

“ಇದೇ ನಿಮ್ಮ ಮನೆಯವರದ್ದು. ಆಗ್ಲೇ ಗೊತ್ತಾಗಿದ್ರೆ ವಾಸಿ ಮಾಡಬಹುದಿತ್ತು.”

“ಈಗ, ಮೇಡಂ?”

“ಬೆಳಿಗ್ಗೆಯ ಸ್ಕ್ಯಾನ್ ನೋಡಿದೆ. ಲಿವರ್‌ಗೂ ಹೋಗಿದೆ.”

ಮಾವ ಕುರ್ಚಿಯಿಂದ ಕುಸಿದು ನೆಲದ ಮೇಲೆ ಕೂತರು. ತಲೆ ತಲೆ ಚಚ್ಚಿಕೊಂಡರು. “ನಾನೇ ಕೊಂದೆ ಕಣೇ ನಿನ್ನ! ನನ್ನ ಕೈಯಾರೆ ಕೊಂದೆ!”

ಹೆಂಡತಿ ಗೋಡೆ ನೋಡುತ್ತ ಕೂತಿದ್ದಳು. ಡಾಕ್ಟರಮ್ಮನ ಕಡೆ ತಿರುಗಿ ಕೇಳಿದಳು: “ಆ ಇನ್ನೊಬ್ಬಳು?”

ಡಾಕ್ಟರಮ್ಮ ತಲೆ ತಗ್ಗಿಸಿದರು. ಅವಳ ಎದೆಯನ್ನೇ ತೆಗೆದಾಗಿತ್ತು. ಕೂದಲೆಲ್ಲ ಉದುರಿತ್ತು. ನಾಳೆ ಬೆಳಿಗ್ಗೆ ಮತ್ತೆ ಔಷಧಿ ಏರಿಸುವುದಿತ್ತು.

“ಏಳ್ರಿ ಮೇಲೆ. ಮೊದ್ಲು ಅವಳಿಗೆ ಫೋನ್ ಮಾಡಿ. ಅಳೋದು ಆಮೇಲೆ.”

ಮಾವ ಫೋನ್ ಹಚ್ಚಿದರು. ಲ್ಯಾಬಿನಿಂದ ಎಂದರು, ಮುಂದೆ ಬಾಯಿ ಬರಲಿಲ್ಲ. ಆ ಕಡೆಯಿಂದ ಸೋತ ದನಿ ಕೇಳುತ್ತಲೇ ಇತ್ತು: “ಹೇಳಿ ಸಾರ್, ರಿಪೋರ್ಟ್ ಏನಾದ್ರೂ ಬಂತಾ? ಹೆಚ್ಚಾಗಿದೆಯಾ?”

ಹೆಂಡತಿ ಫೋನನ್ನು ಅವರ ಕೈಯಿಂದ ತೆಗೆದುಕೊಂಡಳು.

“ಇಲ್ಲಮ್ಮ,” ಎಂದಳು. “ನಿಮಗೆ ಕ್ಯಾನ್ಸರ್ ಇಲ್ಲ. ಯಾವತ್ತೂ ಇರ್ಲಿಲ್ಲ.”