ಪಾಸಾದ ಕಣ್ಣು

ನಮ್ಮ ಮನೆಯಲ್ಲಿ ಇಬ್ಬರಿಗೆ ಚಸ್ಮಾ ಇತ್ತು, ನನಗೆ ಮತ್ತು ನನ್ನ ತಂಗಿಗೆ. ನನ್ನದು ಓದಿ ಬಂದದ್ದು ಎನ್ನುತ್ತಿದ್ದರು, ಅವಳದು ಐಬು. ಶಹಾಪುರದ ನಮ್ಮ ಓಣಿಯ ನೇಕಾರರ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲ ಹುಡುಗಿ ನಾನು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಒಂದು ಕೈಯಲ್ಲಿ ನೂಲು ಸುತ್ತುತ್ತ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಪಾಸಾದವಳು. ತಂಗಿ ಹತ್ತನೆಯ ತರಗತಿಯಲ್ಲಿ ಎರಡು ಸಲ ಫೇಲಾಗಿ ಪವರ್‌ಲೂಮಿಗೆ ನಿಂತಳು. ದಿನವಿಡೀ ಅರಳೆಯ ಧೂಳಿನಲ್ಲಿ ಅವಳ ಕಣ್ಣು ಕೆಂಪಗೇ ಇರುತ್ತಿತ್ತು. ಅದನ್ನು ಯಾರೂ ರೋಗ ಎಂದುಕೊಂಡಿರಲಿಲ್ಲ.

ಖಾನಾಪುರದಿಂದ ಅವಳನ್ನು ನೋಡಲು ಬಂದರು. ಕಟ್ಟಿಗೆ ಕೊಯ್ಯುವ ಸ್ವಂತ ಸಾ ಮಿಲ್ಲು, ಹುಡುಗನಿಗೆ ಯಾವ ಚಟವೂ ಇಲ್ಲ. ಹುಡುಗನ ತಾಯಿ ಅವಲಕ್ಕಿ ತಿಂದು ಕೈ ತೊಳೆದುಕೊಂಡು, ತಂಗಿಯ ಚಸ್ಮಾ ತೆಗೆಸಿ ಮುಖ ನೋಡಿದರು.

“ಹುಡುಗಿ ಚಲೋ ಅದಾಳ. ಆದ್ರ ಈ ಸೋಡಾ ಬಾಟ್ಲಿ ನಮ್ಮ ಮನಿಗೆ ಬ್ಯಾಡ್ರಿ.” ನನ್ನ ಚಸ್ಮಾ ಕಣ್ಣಿಗೆ ಬಿದ್ದಿರಬೇಕು, ಕೂಡಲೇ ಸೇರಿಸಿದರು, “ನಿಮ್ಮದು ಬ್ಯಾರೆ ಬಿಡ್ರಿ, ನೀವು ಕಲತವ್ರು.”

ತಂಗಿ ತಲೆ ತಗ್ಗಿಸಿ ಕುಳಿತಿದ್ದಳು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಲೇಸರ್ ಮಾಡಿಸಿ ನಂಬರು ತೆಗೆಸೋಣ ಎಂದವಳು ನಾನೇ. ದೊಡ್ಡ ಆಸ್ಪತ್ರೆಯಲ್ಲಿ ಇಂಗ್ಲಿಷ್ ಮಾತಾಡುವ ಡಾಕ್ಟರು. ನಮ್ಮ ಮನೆಯಲ್ಲಿ ಅವರೊಡನೆ ಮಾತಾಡಬಲ್ಲವಳು ನಾನೊಬ್ಬಳು. ಅವರು ತಂಗಿಯ ಕೆಳರೆಪ್ಪೆಯೊಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಕಣ್ಣೀರಿಗೆ ಪಟ್ಟಿ ಎಷ್ಟು ನೆನೆಯುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಹದಿನೈದು ಮಿಲಿಮೀಟರಾದರೂ ಬರಬೇಕಂತೆ. ಅವಳಿಗೆ ಬಂದದ್ದು ನಾಲ್ಕು. ಕಣ್ಣು ಒಣಗಿದೆ, ಮೂರು ವಾರ ಔಷಧದ ಹನಿ ಹಾಕಿ ಬನ್ನಿ, ಆಗಲೂ ಬರದಿದ್ದರೆ ಲೇಸರ್ ಬೇಡ, ಮಾಡಿಸಿದರೆ ಜೀವನವಿಡೀ ಉರಿಯೊಂದಿಗೆ ಬದುಕಬೇಕಾಗುತ್ತದೆ ಎಂದರು. ನಾನು ಮನೆಯಲ್ಲಿ ಹೇಳಿದ್ದು ಮೂರು ವಾರದ ಮಾತನ್ನಷ್ಟೇ.

ಚಸ್ಮಾ ಹೋಗುತ್ತದೋ ಇಲ್ಲವೋ ಎಂದು ಖಾನಾಪುರದವರು ತಿಂಗಳೊಳಗೆ ಉತ್ತರ ಕೇಳಿದ್ದರು.

ಪರೀಕ್ಷೆ ಎಂದರೆ ನನಗೆ ಗೊತ್ತಿದ್ದುದು ಒಂದೇ ಅರ್ಥ. ಮೂರು ವಾರ ಕಳೆದು ಆಟೋದಲ್ಲಿ ಹೋಗುವಾಗಲೇ ಅವಳಿಗೆ ಉತ್ತರ ಬಾಯಿಪಾಠ ಮಾಡಿಸಿದೆ. ಉರಿ ಇದೆಯೇ? ಇಲ್ಲ. ಮರಳು ಬಿದ್ದಂತಾಗುತ್ತದೆಯೇ? ಇಲ್ಲ. ಒಳಗೆ ಕರೆಯುವ ಮೊದಲು ಆಸ್ಪತ್ರೆಯ ಬಾತ್‌ರೂಮಿಗೆ ಕರೆದೊಯ್ದು, ಗದ್ದ ಎತ್ತಿಸಿ, ಅದೇ ಔಷಧದ ಹನಿಯನ್ನು ಎರಡೂ ಕಣ್ಣಿಗೆ ತುಂಬ ಹಾಕಿದೆ.

“ಅಕ್ಕಾ, ಇದು ಕಾಪಿ ಹೊಡದಂಗ ಆಗೂದಿಲ್ಲೇನು?”

“ನೀ ಎರಡು ಸಲ ಫೇಲ್ ಆದಾಕಿ. ಪಾಸಾಗೂದು ಹೆಂಗ ಅನ್ನೂದು ನನಗ ಬಿಡು.”

ಅವಳು ಕೆನ್ನೆ ಒರೆಸಿಕೊಂಡು ಹಿಂದೆ ಬಂದಳು. ಪಟ್ಟಿ ಹದಿನೆಂಟಕ್ಕೆ ಏರಿತು. ಡಾಕ್ಟರಿಗೆ ಸಂತೋಷವಾಯಿತು. ಅವ್ವ ಓಣಿಗೆಲ್ಲ ಕುಂದಾ ಹಂಚಿ, ಸಣ್ಣಾಕಿನೂ ಪಾಸಾದಳು ಎಂದಳು. ಲೇಸರ್ ಆಗಿ ಒಂದು ವಾರ ತಂಗಿ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಕಂಬದ ಮೇಲಿನ ಪೋಸ್ಟರು ಎಲ್ಲವನ್ನೂ ಗಟ್ಟಿಯಾಗಿ ಓದುತ್ತ ತಿರುಗಿದಳು. ಸಾಕು ಬಾಯಿ ಮುಚ್ಚು ಎಂದು ನಾನೇ ಬೈದೆ.

ಮದುವೆಯಾಯಿತು. ಗಂಡನ ಮನೆಯ ಹಿತ್ತಲಿಗೇ ಸಾ ಮಿಲ್ಲು, ಗಾಳಿಯಲ್ಲಿ ಯಾವಾಗಲೂ ಕಟ್ಟಿಗೆಯ ಹೊಟ್ಟು. ಬೆಳಿಗ್ಗೆ ರೆಪ್ಪೆ ಕಣ್ಣಿಗೆ ಅಂಟಿಕೊಂಡಿರುತ್ತಿತ್ತು. ನೀರು ಚಿಮುಕಿಸಿ ಬಿಡಿಸಿಕೊಳ್ಳುತ್ತಿದ್ದಳು. ಬಿಸಿಲಿಗೆ ಬರಲಾಗದು, ಒಲೆಯ ಮುಂದೆ ನಿಲ್ಲಲಾಗದು. ಗಂಟೆಗೊಮ್ಮೆ ಹನಿ. ಸೋಡಾ ಬಾಟ್ಲಿ ಬೇಡವೆಂದರೆ ಮನೆ ತುಂಬ ಔಷಧದ ಬಾಟ್ಲಿ ತಂದಳು ಎಂದು ಅತ್ತೆ ಬಂದವರಿಗೆಲ್ಲ ಮರಾಠಿಯಲ್ಲಿ ಹೇಳಿ ನಗುತ್ತಿದ್ದರು. ತವರಿಗೆ ಬಂದಾಗ ಅತ್ತು ಹಗುರಾಗೋಣವೆಂದರೆ ಅದಕ್ಕೂ ನೀರಿಲ್ಲ. ಮುಖ ಕಿವಿಚಿ, ಬಿಕ್ಕಿ, ಸುಮ್ಮನಾಗುತ್ತಿದ್ದಳು. ನೋಡಲು ವಿಕಾರವಾಗಿತ್ತು.

ಎರಡನೆಯ ವರ್ಷ ಅವಳನ್ನು ಅದೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪಟ್ಟಿ ಎರಡರಲ್ಲಿ ನಿಂತಿತ್ತು. ಅವರು ಹಳೆಯ ಫೈಲು ತಿರುವಿ, ಹದಿನೆಂಟು ಹೇಗೆ ಬಂದಿತ್ತು, ಅವತ್ತು ಪರೀಕ್ಷೆಗೆ ಮೊದಲು ಹನಿ ಏನಾದರೂ ಹಾಕಿದ್ದಿರಾ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಇಲ್ಲ ಎಂದೆ. ಉಚ್ಚಾರದಲ್ಲಿ ತಪ್ಪಿರಲಿಲ್ಲ.

“ಏನಂದ್ರಕ್ಕಾ?” ತಂಗಿ ಕೇಳಿದಳು.

“ಔಷಧ ಬರೋಬ್ಬರಿ ಹಾಕ್ಕೊಳ್ಳಾಕತ್ತಾಳೋ ಇಲ್ಲೋ ಅಂತ ಕೇಳಿದ್ರು.”

ಅವಳು ಬೆರಳು ಮಡಚಿ ಎಣಿಸಿದಳು. “ಗಣಪತಿ ಹಬ್ಬದಾಗ ಎರಡು ದಿನ ತಪ್ಪೇತಿ. ಖರೇನ ಹೇಳಿಬಿಡು.”

ಹೇಳಿದೆ. ಡಾಕ್ಟರು ಅವಳತ್ತ ತಿರುಗಿ ಗದರಿದರು. ರೋಗಿಗಳೇ ಹೀಗೆ ಮಾಡಿದರೆ ತಾವೇನು ಮಾಡಲು ಸಾಧ್ಯ ಎಂದರು. ಮಾತು ತಿಳಿಯದಿದ್ದರೂ ದನಿ ತಿಳಿಯಿತು. ತಂಗಿ ಎದ್ದು ನಿಂತು ಕೈ ಮುಗಿದಳು. ನಾನು ಫೈಲು ಎತ್ತಿಕೊಂಡೆ.

ಮಹಾಂತೇಶ ನಗರದಲ್ಲಿ ಈಗ ನನ್ನದೇ ಮನೆ ಇದೆ, ಬಾಗಿಲಿನ ಮೇಲೆ ನನ್ನ ಹೆಸರಿನ ಮುಂದೆ ಡಿಗ್ರಿ ಇದೆ. ನಾನು ಹೀಗೆ ಆಗಾಗ ಬರೆಯುತ್ತೇನೆಂದು ತಂಗಿಗೆ ಗೊತ್ತು. ಅಚ್ಚಾದದ್ದನ್ನು ಕೇಳಿ ತರಿಸಿಕೊಂಡು ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಾಳೆ. ನಾಲ್ಕು ಸಾಲು ದಾಟಿದರೆ ಅವಳ ಕಣ್ಣು ಉರಿಯುತ್ತದೆ, ಕನ್ನಡ ಓದಿ ಹೇಳುವವರು ಆ ಮನೆಯಲ್ಲಿಲ್ಲ. ಅದು ಗೊತ್ತಿದ್ದೇ ಇದನ್ನು ಬರೆದಿದ್ದೇನೆ.