ಮೆಲುಕು ಹಾಕಬೇಕಾಗಿದ್ದ ಮೊಲ

ನನ್ನ ಅಕ್ಕನ ಗಂಡ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ನೀವು ನೋಡಿರಬಹುದು. ಭಾವ ಅಂಥವರಲ್ಲ. ಕಾಲು ನಾಲ್ಕೆಂದು ಒಪ್ಪುತ್ತಾರೆ. ಆದರೆ ಧರ್ಮಗ್ರಂಥದಲ್ಲಿ ಮೂರು ಎಂದಿದ್ದರೆ, ನಾಲ್ಕನೆಯದು ಕಾಲೇ ಅಲ್ಲವೆಂದು ಸಾಧಿಸಲು ರಜೆ ಹಾಕುತ್ತಾರೆ.

ಅವರ ಗ್ರಂಥದ ಒಂದು ಸಾಲಿನಲ್ಲಿ ಮೊಲ ಮೆಲುಕು ಹಾಕುವ ಪ್ರಾಣಿ ಎಂದಿದೆ. ಅವರು ಪಾಠ ಮಾಡುವ ಪುಸ್ತಕದಲ್ಲಿ ಮೊಲಕ್ಕೆ ಹಸುವಿನಂಥ ಹೊಟ್ಟೆಯಿಲ್ಲ, ಮೆಲುಕು ಹಾಕುವುದಿಲ್ಲ ಎಂದಿದೆ. ಬೇರೆಯವರಾದರೆ ಅದನ್ನು ಅಲ್ಲಿಗೆ, ಇದನ್ನು ಇಲ್ಲಿಗೆ ಬಿಟ್ಟು ಊಟಕ್ಕೆ ಕೂರುತ್ತಿದ್ದರು. ಇವರಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಪೇಟೆಯಿಂದ ಬಿಳಿ ಮೊಲವೊಂದನ್ನು ತಂದು ಬಚ್ಚಲುಮನೆಯ ಪಕ್ಕ ಗೂಡು ಕಟ್ಟಿದರು.

ಗೂಡು ತೊಳೆದದ್ದು, ಸೊಪ್ಪು ಹಾಕಿದ್ದು ಅವರ ಮಗಳು. ಅದಕ್ಕೆ ಹತ್ತಿ ಎಂದು ಹೆಸರಿಟ್ಟಳು. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಅದನ್ನು ಎತ್ತಿಕೊಳ್ಳುತ್ತಿದ್ದಳು. ಭಾವನಿಗೆ ಅದು ಸಂತೋಷವೇ, ಪ್ರಯೋಗದ ಪ್ರಾಣಿಗೆ ಪುಕ್ಕಟೆ ಆಳು ಸಿಕ್ಕಿದಂತಾಯಿತು.

ತಿಂಗಳುಗಟ್ಟಲೆ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೊನೆಗೂ ಒಂದು ಸಂಗತಿ ಕಂಡುಹಿಡಿದರು. ಮೊಲ ಬೆಳಗಿನ ಜಾವ ತನ್ನದೇ ಮೆತ್ತನೆಯ ಹಿಕ್ಕೆಯನ್ನು ಹಿಂಬದಿಗೆ ಬಾಯಿಟ್ಟು ತಿನ್ನುತ್ತದೆ. ಮೇವು ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಅದೇ ಮೆಲುಕು! ಪ್ರಾರ್ಥನಾಮಂದಿರಕ್ಕೆ ಓಡಿ ಹಿರಿಯರಿಗೆ ವಿವರಿಸಿದರು.

"ಗ್ರಂಥ ಹೇಳಿರೋದು ಮೆಲುಕು," ಎಂದರು ಹಿರಿಯರು. "ನೀವು ತಂದಿರೋದು ಹಿಕ್ಕೆ. ಮುಂದಿನ ವಾರ ಕಣ್ಣಿಗೆ ಕಾಣೋ ಪುರಾವೆ ತನ್ನಿ, ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡಿರಿ."

ಅವಮಾನದಿಂದ ಭಾವ ಕುದಿದುಹೋದರು. ಮೊಲದ ಹೊಟ್ಟೆ ಸೀಳಿ ಆ ಹಿಕ್ಕೆಯನ್ನೇ ತೋರಿಸುವುದೆಂದು ತೀರ್ಮಾನಿಸಿದರು. ಅಕ್ಕ ಅಂಗಲಾಚಿದಳು.

"ರೀ, ಪೇಟೇಲಿ ಬೇರೆ ಮೊಲ ತಗೊಳ್ರೀ. ಇದು ಮಗಳ ಪ್ರಾಣ."

"ಬೇರೇದು ಏನು ತಿಂದಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ಇದರ ಒಂದೊಂದು ತುತ್ತೂ ನಂಗೆ ಗೊತ್ತು. ವಿಜ್ಞಾನ ಅಂದ್ರೆ ಹುಡುಗಾಟ ಅಲ್ಲ ಕಣೇ."

ನಾನು ಅಲ್ಲೇ ಇದ್ದೆ. ನನಗೆ ಮೈ ಉರಿದುಹೋಯಿತು. ಗ್ರಂಥಕ್ಕಾಗಿ ವಿಜ್ಞಾನವನ್ನು ರಬ್ಬರಿನಂತೆ ಎಳೆದ ಮನುಷ್ಯನಿಗೆ ಕೊಲ್ಲುವಾಗ ಮಾತ್ರ ವಿಜ್ಞಾನದ ಮಡಿ!

ಮರುದಿನ ಬೆಳಗಿನ ಜಾವ, ಮಗಳು ಮಲಗಿದ್ದಾಗಲೇ, ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕೊಯ್ದರು. ಹೊಟ್ಟೆಯೊಳಗೆ ಮೆತ್ತನೆಯ ಹಿಕ್ಕೆಯ ಗುಂಡುಗಳು ಒಡೆಯದೆ ಹಾಗೇ ಇದ್ದವು. ಅವರು ಹೇಳಿದ್ದು ನಿಜವಾಗಿತ್ತು, ಅದೇ ದೊಡ್ಡ ಅನ್ಯಾಯ. ಸಂತೋಷಕ್ಕೆ ಕೈ ತೊಳೆಯುವುದನ್ನೂ ಮರೆತು ಮಗಳನ್ನು ಎಬ್ಬಿಸಿ ಕರೆತಂದರು.

"ನೋಡು ಪುಟ್ಟಿ, ಗ್ರಂಥ ಸುಳ್ಳು ಹೇಳಿಲ್ಲ!"

ಅವಳು ನೋಡಿದಳು. ಅಳಲಿಲ್ಲ. ಹತ್ತಿಯ ಕಿವಿಯನ್ನು ಒಮ್ಮೆ ಸವರಿ ಹೋಗಿ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದಳು.

ಪ್ರಾರ್ಥನೆಯ ದಿನ ಭಾವ ಹೊಟ್ಟೆಯನ್ನು ಗಾಜಿನ ಸೀಸೆಯಲ್ಲಿಟ್ಟು ಒಯ್ದರು. ಪುರಾವೆ ಕೇಳಿದ್ದ ಅದೇ ಹಿರಿಯರು ಸೀಸೆಯತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಅದನ್ನ ಹೊರಗಿಟ್ಟು ಬನ್ನಿ ಮೇಷ್ಟ್ರೇ, ವಾಸನೆ. ಮೊಲ ಮೆಲುಕು ಹಾಕುತ್ತೆ ಅಂತ ನಾವು ಯಾವತ್ತೋ ನಂಬಿದ್ದೀವಿ. ನಿಮಗೊಬ್ಬರಿಗೇ ಪುರಾವೆ ಬೇಕಾಗಿದ್ದಿದ್ದು."

ಮಗಳು ಓದುವುದೂ ಅಪ್ಪನ ಶಾಲೆಯಲ್ಲೇ. ಅಲ್ಲಿ ಎಲ್ಲ ಮಕ್ಕಳಂತೆ ಅವರನ್ನು 'ಸರ್' ಎನ್ನಬೇಕು. ಹತ್ತಿಯನ್ನು ಕೊಯ್ದ ದಿನದಿಂದ ಅವಳು ಮನೆಯಲ್ಲೂ ಹಾಗೇ ಕರೆಯುತ್ತಾಳೆ. ಊಟಕ್ಕೆ ಬನ್ನಿ ಸರ್. ಜ್ವರ ಇಲ್ಲ ಸರ್. ಅಕ್ಕ ಬೈದಳು, ಹೊಡೆದಳು, ಕಾಲಿಗೆ ಬೀಳುವುದೊಂದು ಬಾಕಿಯಿತ್ತು. ಮಗಳು ಜಗ್ಗಲಿಲ್ಲ.

ಭಾವ ಮಾತ್ರ ಇದಕ್ಕೂ ಅರ್ಥ ಹೊಂದಿಸಿಕೊಂಡಿದ್ದಾರೆ. ಬಂದವರೆದುರು ಹೆಮ್ಮೆಯಿಂದ ಹೇಳುತ್ತಾರೆ: "ತಂದೆಗೆ ಗೌರವ ಕೊಡು ಅಂತ ಗ್ರಂಥದಲ್ಲೇ ಇದೆ. ನಮ್ಮ ಹುಡುಗಿ ಅಕ್ಷರಶಃ ಪಾಲಿಸ್ತಾಳೆ, ನೋಡಿ."