ಸ್ವಲ್ಪ ಸುಮ್ಮನಿರಿ, ಕೇಳುವ

ಅಕ್ಕನಿಗೆ ಉಡುಗೊರೆಯಾಗಿ ಪುಟ್ಟ ಕಂಪ್ಯೂಟರ್ ಜೋಡಿಸುವಾಗ ಏನೇನೋ ಕೆಡಬಹುದಿತ್ತು. ಪ್ರೊಸೆಸರ್ ಕಾದು ಕೆಂಡವಾಗಬಹುದಿತ್ತು, ಫ್ಯಾನು ಪೆಟ್ಟಿಗೆಯೊಳಗೆ ಹಿಡಿಸದಿರಬಹುದಿತ್ತು, ಕರೆಂಟು ಹೋಗಿ ಬಂದು ಎಲ್ಲ ಸುಟ್ಟುಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇದೂ ಹಳೆಯದರಂತೆ ಗೊರಕೆ ಹೊಡೆಯಬಹುದಿತ್ತು. ಅಕ್ಕ ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡುತ್ತಾಳೆ. ಹಳೆಯ ಕಂಪ್ಯೂಟರಿನ ಸದ್ದಿನಲ್ಲಿ ದನಿಯೇ ಮುಳುಗಿ, ಇನ್ನು ಓದುವುದೇ ಇಲ್ಲ ಎಂದುಬಿಟ್ಟಿದ್ದಳು.

ಜೋಡಿಸಿಕೊಟ್ಟದ್ದು ಸುಂಟಿಕೊಪ್ಪದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬ ಮಹಿಳೆ. ಆಕೆ ಒಂದೊಂದೇ ಫ್ಯಾನು ತಿರುಗಿಸಿ, ಹೊರಗೆ ಬಸ್ಸು ದಾಟುವವರೆಗೆ ಕೈಯೆತ್ತಿ ಕಾದು, ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದರು.

"ಪ್ರೊಸೆಸರ್ ಬಿಸಿ ಆಗಲ್ವಾ?" ಎಂದೆ.

"ಪಾಠ ಓದ್ಲಿಕ್ಕೆ ಸಣ್ಣದು ಸಾಕು, ಬಿಸಿ ಆಗೋದಿಲ್ಲ. ಸ್ವಲ್ಪ ಸುಮ್ಮನಿರಿ ಅಣ್ಣ, ಕೇಳುವ."

"ದೊಡ್ಡ ಫ್ಯಾನು ಸದ್ದು ಜಾಸ್ತಿ ಅಲ್ವಾ?"

"ದೊಡ್ಡದು ನಿಧಾನ ತಿರುಗ್ತದೆ, ಸದ್ದು ಕಮ್ಮಿ. ಇಲ್ಲಿ ಸದ್ದು ಮಾಡ್ತಿರೋದು ನೀವೊಬ್ರೇ. ಸುಮ್ಮನಿರಿ, ಕೇಳುವ."

ಹಲವನ್ನು ಬದಿಗಿಟ್ಟು ಕೊನೆಗೊಂದಕ್ಕೆ ತಲೆಯಾಡಿಸಿದರು.

ಅಕ್ಕ ಮತ್ತೆ ಓದಲು ಕೂತಳು. ಅದಕ್ಕಾಗಿ ಆ ಅಂಗಡಿಯಾಕೆಗೆ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕೆಟ್ಟದ್ದು ಒಂದೇ. ಮೊದಲ ಪಾಠದಲ್ಲಿ, ಅಕ್ಕನ ತಿಳಿಯಾದ ದನಿಯ ಹಿಂದೆ, ಬಾಗಿಲ ಬಳಿ ನಿಂತು ನಾನು ಪಿಸುಗುಟ್ಟಿದ್ದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು:

"ಬಿಸಿ ಆಗ್ತಿಲ್ಲ ತಾನೇ?"